ಗರಗಸವೂ ನಿಷ್ಕಾಮಕರ್ಮವೂ

ಮನುಷ್ಯನ ಕರ್ಮಗಳಲ್ಲಿ ತಿದ್ದಿಕೊಳ್ಳಬಹುದಾದವು ಕೆಲವು, ತಿದ್ದಲಾಗದವು ಕೆಲವು. ಬರೆದ ಪತ್ರವನ್ನು ಹರಿದು ಬೇರೊಂದನ್ನು ಬರೆಯಬಹುದು. ಕೊಯ್ದ ಹಲಗೆಯನ್ನು ಪುನಃ ಅಖಂಡವಾಗಿಸುವ ವಿದ್ಯೆಯನ್ನು ಮಾತ್ರ ಯಾವ ಬಡಗಿಯೂ ಅರಿಯನು. ಇಂಥ ಕರ್ಮಕ್ಕೆ ಕೈಯಿಡುವವನು ಫಲಾಪೇಕ್ಷೆಯನ್ನು ಬಿಟ್ಟಿರಬೇಕೆಂಬುದು ಶಾಸ್ತ್ರದ ಅಭಿಪ್ರಾಯವಾದರೆ, ಅಳತೆಯಲ್ಲಿ ಆತನಿಗೆ ಅಷ್ಟು ಕಟ್ಟುನಿಟ್ಟು ಏತಕ್ಕೆ? ಫಲವನ್ನು ಬಯಸದವನಿಗೆ ಗೆರೆ ಕೊಂಚ ತಪ್ಪಿದರೇನು, ತಪ್ಪದಿದ್ದರೇನು?

ಅಡುಗೆಮನೆಯ ಹಲಗೆಯೊಂದನ್ನು ಕೊಯ್ಯುವ ಕೆಲಸವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಪುಣೆಯ ಮನೆಗಳಲ್ಲಿ ಅಡುಗೆಯ ಕಟ್ಟೆಯು, ಅಲ್ಲಿಯವರ ಮಾತಿನಲ್ಲಿ ಓಟಾ, ಸಾಮಾನ್ಯವಾಗಿ ಕಡಪದ ಕಲ್ಲಿನದು, ಇಲ್ಲವೆ ಗ್ರಾನೈಟಿನದು. ಇಕ್ಕಟ್ಟಿನ ಮನೆಯಲ್ಲಿ ಅದು ಸಾಲದೆ ಬಂದಾಗ, ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಿಂದ ಪ್ಲೈವುಡ್ಡನ್ನೂ ಸನ್ಮೈಕಾವನ್ನೂ ತಂದು, ಒಂದರ ಮೇಲೊಂದನ್ನು ಅಂಟಿಸಿ, ಕಟ್ಟೆಯ ಪಕ್ಕದ ಸಂದಿನ ಅಳತೆಗೆ ಮನೆಯಲ್ಲಿಯೇ ಕೊಯ್ದುಕೊಳ್ಳುವ ಗೃಹಸ್ಥರುಂಟು. ರಾಳದಲ್ಲಿ ನೆನೆದ ಕಾಗದದ ಪದರಗಳನ್ನು ಶಾಖದಿಂದಲೂ ಒತ್ತಡದಿಂದಲೂ ಒಂದಾಗಿಸಿ, 8 ಅಡಿ ಉದ್ದ 4 ಅಡಿ ಅಗಲದ ಹಾಳೆಗಳಾಗಿ ಮಾರುವ ಈ ಸನ್ಮೈಕಾ ಹೊದಿಕೆಯ ದಪ್ಪ ಸುಮಾರು 1 ಮಿಲಿಮೀಟರ್. ಅದು ಕಠಿನವಾದದ್ದು, ಆ ಕಾಠಿನ್ಯದಿಂದಲೇ ಗರಗಸದ ಹಲ್ಲಿಗೆ ಸಿಕ್ಕಿ ಚಕ್ಕೆಯೇಳುವಂಥದ್ದು. ಆದುದರಿಂದ ಕೈಗರಗಸದಲ್ಲಿ ಕೊಯ್ಯುವವನು ಬಣ್ಣದ ಮುಖವನ್ನು ಮೇಲಿಟ್ಟು, ಗೆರೆಯುದ್ದಕ್ಕೂ ಟೇಪನ್ನು ಹಚ್ಚಿ, ಗರಗಸವೇ ತಿಂದುಹಾಕುವ ಅಗಲವನ್ನು ಲೆಕ್ಕಕ್ಕೆ ಹಿಡಿದು, ಬಿಟ್ಟುಬಿಡುವ ತುಂಡಿನ ಮಗ್ಗುಲಲ್ಲಿ ಹಲ್ಲನ್ನು ಹೂಡತಕ್ಕದ್ದು. ಗೆರೆಯಿಂದಾಚೆ ಉಳಿದುದನ್ನು ಅರದಿಂದ ಉಜ್ಜಿ ತೆಗೆಯತಕ್ಕದ್ದು. ವಿದ್ಯುತ್ತಿನ ಜಿಗ್‌ಸಾ ಕೆಳಗಿನಿಂದ ಮೇಲಕ್ಕೆ ಕೊಯ್ಯುವುದಾದ್ದರಿಂದ ಅಲ್ಲಿ ಬಣ್ಣದ ಮುಖವು ಕೆಳಗಿರಬೇಕು.

ಇಂಥ ಕೆಲಸವು ಸಿದ್ಧಿಸುವುದು ಯಾವುದರಿಂದ? ಭಗವದ್ಗೀತೆಯ 18ನೆಯ ಅಧ್ಯಾಯವು ಕರ್ಮಸಿದ್ಧಿಗೆ ಐದು ಕಾರಣಗಳನ್ನು ಎಣಿಸಿದೆ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ವಿವಿಧ ಚೇಷ್ಟೆಗಳು, ಕಡೆಯದಾಗಿ ದೈವ. ಅಧಿಷ್ಠಾನವೆಂದರೆ ಶರೀರವೆಂದು ಶಂಕರರ ಭಾಷ್ಯವು ಹೇಳುವುದಾದರೂ, ಅರ್ಥವನ್ನು ಕೊಂಚ ಹಿಗ್ಗಿಸಿದರೆ ಹಲಗೆಯೂ ಅದು ಕೂರಬೇಕಾದ ಗೋಡೆಯೂ ಅದರಲ್ಲಿಯೇ ಅಡಗುವುವು. ಗರಗಸವು ಕರಣ, ತೋಳಿನ ಎಳೆತ ನೂಕುಗಳು ಚೇಷ್ಟೆ. ಗೋಡೆಯು ಮೂಲೆಮಟ್ಟಕ್ಕೆ ಒಪ್ಪದೆ ಓರೆಯಾಗಿದ್ದರೆ ಅಳೆದು ತಿಳಿಯಬಹುದು, ಹಲ್ಲು ಮೊಂಡಾಗಿದ್ದರೆ ಮಸೆಯಬಹುದು. ಪ್ಲೈವುಡ್ಡಿನ ಪದರಗಳ ನಡುವೆ ಕಣ್ಣಿಗೆ ಬೀಳದ ಟೊಳ್ಳೊಂದಿದ್ದರೆ ಅದು ಮಾತ್ರ ದೈವದ ಪಾಲು. ಹೀಗೆ ನಾಲ್ಕು ಕಾರಣಗಳು ಮನುಷ್ಯನ ಎಚ್ಚರಕ್ಕೆ ಒಳಪಟ್ಟವು, ಒಂದು ಹೊರಗಿನದು. ನಾನೊಬ್ಬನೇ ಕರ್ತನೆಂದು ಭಾವಿಸುವವನನ್ನು ಗೀತೆಯು ದುರ್ಮತಿಯೆಂದು ಕರೆಯುತ್ತದೆ. ಆದರೆ ಐದನೆಯದನ್ನು ಮುಂದೊಡ್ಡಿ ನಾಲ್ಕರ ಹೊಣೆಯಿಂದ ಜಾರಿಕೊಳ್ಳುವವನಿಗೂ ಅದು ಎಡೆಗೊಡುವುದಿಲ್ಲ.

ಇನ್ನು ಫಲಾಪೇಕ್ಷೆಯ ಮಾತು. ಕೊಯ್ತ ಮುಗಿಯುವ ಕಡೆಯ ಅಂಗುಲದಲ್ಲಿ, ತುಂಡು ಬೇರ್ಪಡುವುದನ್ನು ಕಾಣುವ ಆತುರವು ಕೈಗೆ ಇಳಿದು ಗರಗಸವನ್ನು ಬಲವಾಗಿ ನೂಕಿಸುತ್ತದೆ. ಆಸರೆಯಿಲ್ಲದೆ ತೂಗುವ ತುಂಡು ತನ್ನ ಭಾರದಿಂದಲೇ ಮುರಿದು, ಒಳ್ಳೆಯ ಭಾಗದ ಹೊದಿಕೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಫಲವನ್ನು ಕೆಡಿಸಿದುದು ಫಲದ ಬಯಕೆಯೇ. ಬಯಕೆಯನ್ನು ಬದಿಗಿಟ್ಟವನಾದರೋ, ತುಂಡಿಗೆ ಆಸರೆ ಕೊಟ್ಟು, ಮೊದಲ ಎಳೆತದ ನಿಧಾನವನ್ನೇ ಕಡೆಯ ಎಳೆತಕ್ಕೂ ಉಳಿಸಿಕೊಳ್ಳುತ್ತಾನೆ. ಟಿಳಕರು ಮಂಡಾಲೆಯ ಸೆರೆಯಲ್ಲಿ 1910-11ರ ಚಳಿಗಾಲದಲ್ಲಿ ಪೆನ್ಸಿಲಿನಿಂದ ಬರೆದು, 1915ರಲ್ಲಿ ಪುಣೆಯಿಂದ ಹೊರತಂದ ‘ಗೀತಾರಹಸ್ಯ’ವು, ಕರ್ಮವನ್ನು ತ್ಯಜಿಸುವುದಕ್ಕಿಂತ ಜ್ಞಾನಿಯಾಗಿ ನಿಷ್ಕಾಮದಿಂದ ಅದನ್ನು ಮಾಡುವುದೇ ಗೀತೆಯ ತಾತ್ಪರ್ಯವೆಂದು ವಾದಿಸಿದುದು ಇದೇ ನಿಟ್ಟಿನಲ್ಲಿ.

ಆದುದರಿಂದ ಅಳತೆಯ ಕಟ್ಟುನಿಟ್ಟಿಗೂ ನಿಷ್ಕಾಮತೆಗೂ ವಿರೋಧವಿಲ್ಲ. ಒಂದು ಕರ್ಮಕ್ಕೆ ಸಲ್ಲತಕ್ಕ ಗೌರವ, ಇನ್ನೊಂದು ಕರ್ತೃವಿಗೆ ಬೇಕಾದ ಸಮಾಧಾನ. ಗೃಹಸ್ಥನು ತನ್ನ ಉದಾಸೀನಕ್ಕೆ ವೈರಾಗ್ಯವೆಂಬ ಹೆಸರಿಡದಿರಲಿ. ಹಲಗೆಯೊಳಗಿನ ಟೊಳ್ಳಿಗಾಗಿ ತನ್ನನ್ನು ತಾನು ಹಳಿದುಕೊಳ್ಳದೆಯೂ ಇರಲಿ.