ಬಾಗುವ ತಲೆ ಯಾರದು?

ಭಾರತದ ಮೊದಲ ರಾಷ್ಟ್ರಪತಿ ಯಾರು? ಕಣಕಟ್ಟೆ ಹೋಬಳಿಯ ಯಾವ ಶಾಲೆಯಲ್ಲಿ ಕೇಳಿದರೂ ಮಕ್ಕಳು ಒಂದೇ ಉಸಿರಿಗೆ ಬಾಬು ರಾಜೇಂದ್ರ ಪ್ರಸಾದ್ ಅಂತಾರೆ. ಒಂದು ಅಂಕ ಸಿಗುತ್ತೆ. ನಮ್ಮ ಮನೆಗಳಲ್ಲಿ ಮೊದಲು ಸ್ಲೇಟು ಹಿಡಿದ ನಾವೂ ಆ ಅಂಕ ತಗೊಂಡೇ ಬಂದವರು. ಆದರೆ ಆ ಹೆಸರಿನ ಬೆನ್ನಿಗೆ ಇನ್ನೊಂದು ಪ್ರಶ್ನೆ ಇದೆ. ಅದನ್ನು ಯಾವ ಪರೀಕ್ಷೆಯಲ್ಲೂ ಕೇಳಲ್ಲ. ಎಲ್ಲರ ಪರವಾಗಿ ಕುರ್ಚಿಯಲ್ಲಿ ಕೂತವನು ಬಾಗಿದಾಗ, ಬಾಗುವ ತಲೆ ಯಾರದು?

ಮೊದಲು ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. 1884ರಲ್ಲಿ ಬಿಹಾರದ ಜೀರಾದೇಯಿಯಲ್ಲಿ ಹುಟ್ಟಿದರು. ವಕೀಲರಾಗಿ ಹೆಸರು ಮಾಡಿದರು. 1917ರಲ್ಲಿ ಚಂಪಾರಣದ ನೀಲಿ ಬೆಳೆಯುವ ರೈತರಿಗಾಗಿ ಗಾಂಧಿ ನಿಂತಾಗ ಜೊತೆಗೆ ನಿಂತರು. ಅಲ್ಲಿಗೆ ಬಂದ ವಕೀಲರಿಗೆಲ್ಲ ಬೇರೆ ಬೇರೆ ಅಡುಗೆಯವರು, ಬೇರೆ ಬೇರೆ ಒಲೆ. ಗಾಂಧಿ ಒಂದೇ ಒಲೆ ಸಾಕು ಅಂದರು. ಅಲ್ಲಿವರೆಗೆ ಊಟದಲ್ಲಿ ಜಾತಿ ಪಾಲಿಸುತ್ತಿದ್ದ ರಾಜೇಂದ್ರ ಬಾಬು ಆ ಒಂದೇ ಒಲೆಯ ಊಟ ಉಂಡರು. ಇದು ಸಣ್ಣ ಮಾತಲ್ಲ. ಜೈಲು ಕಂಡರು, 1934ರ ಭೂಕಂಪದಲ್ಲಿ ಜನರ ನಡುವೆ ದುಡಿದರು, 1946ರಿಂದ ಸಂವಿಧಾನ ಸಭೆಯ ಅಧ್ಯಕ್ಷರಾದರು. 1950ರ ಜನವರಿ 26ರಂದು ರಾಷ್ಟ್ರಪತಿಯಾದರು.

ಆವತ್ತು ನಮ್ಮ ಕಣಕಟ್ಟೆಗೆ ಏನು ಬದಲಾಯ್ತು? ಮೈಸೂರು ಮಹಾರಾಜರು ರಾಜಪ್ರಮುಖರಾದರು. 1956ರ ನವೆಂಬರ್ 1ರ ನಂತರ ಅವರೇ ರಾಜ್ಯಪಾಲರು. ಮೇಲಿದ್ದ ಮನುಷ್ಯ ಅವರೇ, ಹೆಸರು ಬೇರೆ. ಆದರೂ ಒಂದು ದೊಡ್ಡ ವ್ಯತ್ಯಾಸ ಬಂದಿತ್ತು. ಕಿರೀಟ ಹುಟ್ಟಿನಿಂದ ಬರುತ್ತೆ. ರಾಷ್ಟ್ರಪತಿಯ ಕುರ್ಚಿ ಓಟಿನಿಂದ ಬರುತ್ತೆ. 1952ರಲ್ಲಿ ಜನ ಆರಿಸಿದ ಶಾಸಕರು, ಸಂಸದರು ಸೇರಿ ರಾಜೇಂದ್ರ ಬಾಬುಗಳನ್ನು ಆರಿಸಿದರು. ಅಂದರೆ ಆ ಕುರ್ಚಿಯಲ್ಲಿ ನಮ್ಮ ಕೇರಿಯ ಪಾಲೂ ಇತ್ತು.

ಅದೇ 1950ರ ದಶಕದ ಮೊದಲ ವರ್ಷಗಳಲ್ಲಿ, ಕಾಶಿಯಲ್ಲಿ, ರಾಷ್ಟ್ರಪತಿಗಳು ಇನ್ನೂರರಷ್ಟು ಬ್ರಾಹ್ಮಣರ ಪಾದ ತೊಳೆದರು. ರಾಮಮನೋಹರ ಲೋಹಿಯಾ ಇದನ್ನು ಕಟುವಾಗಿ ಖಂಡಿಸಿದರು. ಸಮರ್ಥಿಸುವವರೂ ಇದ್ದಾರೆ. ಅದು ಅವರ ಖಾಸಗಿ ಭಕ್ತಿ ಕಣ್ರೀ, ವಿನಯ ಕಣ್ರೀ, ಪಂಡಿತರಿಗೆ ಸಲ್ಲಿಸಿದ ಗೌರವ ಕಣ್ರೀ ಅಂತಾರೆ.

ಪಾಂಡಿತ್ಯಕ್ಕೇ ಗೌರವ ಅನ್ನೋದಾದರೆ ಅದಕ್ಕೆ ಒಂದೇ ಜಾತಿಯ ಕಾಲು ಯಾಕೆ? ವಿನಯ ಅನ್ನೋದಾದರೆ, ಆ ಘಾಟಿನ ಕಸ ಗುಡಿಸಿದವರ ಕಾಲಿಗೆ ನೀರು ಯಾಕೆ ಬೀಳಲಿಲ್ಲ? ಮೇಲಕ್ಕೆ ಮಾತ್ರ ಬಾಗುವ ವಿನಯ ಏಣಿಯನ್ನು ಗಟ್ಟಿ ಮಾಡುತ್ತೆ, ಅಷ್ಟೆ. ಇನ್ನು ಖಾಸಗಿ ಭಕ್ತಿ. ಮನೆಯ ದೇವರ ಮುಂದೆ ರಾಜೇಂದ್ರ ಬಾಬು ಅಡ್ಡಬಿದ್ದರೆ ನಾವು ಕೇಳುವವರಲ್ಲ. ಬಹಿರಂಗವಾಗಿ ತೊಳೆದಾಗ ಕುರ್ಚಿಯೂ ಜೊತೆಗೆ ಮಂಡಿಯೂರಿತು. ನಮ್ಮನ್ನು ಕೇಳದೆ ನಮ್ಮ ತಲೆಯನ್ನೂ ಬಾಗಿಸಿತು.

ನೋವಿನ ಮಾತು ಇದು: 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯಿದೆಗೆ ಅಂಕಿತ ಹಾಕಿದ್ದೂ ಇದೇ ರಾಷ್ಟ್ರಪತಿ. ಅದೇ ಕೈ. ಅವರು ಕೆಟ್ಟ ಮನುಷ್ಯರಾಗಿದ್ದರೆ ನಮಗೆ ಸುಲಭವಿತ್ತು, ಬೈದು ಸುಮ್ಮನಾಗುತ್ತಿದ್ದೆವು. ಒಳ್ಳೆಯವರಾಗಿದ್ದರು. ಹಿಂದೆ ಒಲೆ ಒಂದು ಮಾಡಿದವರು ಕಾಶಿಗೆ ಹೋದಾಗ ಮತ್ತೆ ಮೇಲು ಕೀಳು ಎಣಿಸಿದರು. ಜಾತಿ ಬದುಕಿರೋದು ದುಷ್ಟರಿಂದ ಮಾತ್ರ ಅಲ್ಲ. ಸಜ್ಜನರ ಸಂಕೋಚವಿಲ್ಲದ ಭಕ್ತಿಯಲ್ಲೂ ಅದಕ್ಕೆ ಅನ್ನ ಸಿಗುತ್ತೆ.

1962ರಲ್ಲಿ ಅವರು ಕುರ್ಚಿ ಬಿಟ್ಟರು, 1963ರಲ್ಲಿ ತೀರಿಕೊಂಡರು. 1997ರಲ್ಲಿ ಕೆ.ಆರ್. ನಾರಾಯಣನ್, 2017ರಲ್ಲಿ ರಾಮನಾಥ ಕೋವಿಂದ್, 2022ರಲ್ಲಿ ದ್ರೌಪದಿ ಮುರ್ಮು ಅದೇ ಕುರ್ಚಿಗೆ ಬಂದರು. ಕೂರುವವರು ಬದಲಾದರು, ಸಂತೋಷ. ಆದರೆ ಪಂಚಾಯ್ತಿಗೆ ಮೀಸಲಾತಿಯಲ್ಲಿ ಗೆದ್ದ ಅಧ್ಯಕ್ಷೆ, ಊರ ಗೌಡರು ಬಂದರೆ ಎದ್ದು ನಿಲ್ಲೋದನ್ನು ನಾವು ನೋಡಿಲ್ಲವೇ? ಅವಳಿಗೆ ಕುರ್ಚಿ ಕೊಟ್ಟ ದೇಶ, ಆ ಕುರ್ಚಿ ಯಾರಿಗೂ ಬಾಗಬೇಕಿಲ್ಲ ಅಂತ ಹೇಳಿಕೊಟ್ಟಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಮೊದಲ ರಾಷ್ಟ್ರಪತಿ ಯಾರು ಅಂತ ಖಂಡಿತ ಕೇಳಿ. ಅಂಕವನ್ನೂ ಕೊಡಿ. ಆಮೇಲೆ ಆ ಎರಡನೇ ಪ್ರಶ್ನೆಯನ್ನೂ ಕೇಳಿ. ಉತ್ತರ ಹೇಳಿಕೊಡಬೇಡಿ. ಹಿಂದಿನ ಬೆಂಚಿನಿಂದ ಅದು ತಾನಾಗೇ ಬರುತ್ತೆ.