ಬಾಡಿದ ಹೂವನ್ನು ಚಿವುಟಿಬಿಡಿ



ಅಕ್ಟೋಬರ್‌ನಲ್ಲಿ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ಹಬ್ಬ ಮುಗಿಸಿ ಬಂದ ವಾರ, ತಾರಸಿಯ ಕುಂಡದಲ್ಲಿ ಕ್ಯಾಲೆಂಡುಲಾ ಬೀಜ ಹಾಕಿದೆ. ಇದು ಮಾರ್ಕೆಟ್ಟಿನ ಚೆಂಡುಮಲ್ಲಿಯಲ್ಲ, ಅದರ ಬಳಗದ ಬೇರೆ ಗಿಡ. ‘ಮರಿಯಮ್ಮನವರ ಚಿನ್ನ’ ಎಂಬರ್ಥದ ಮಾರಿಗೋಲ್ಡ್ ಎಂಬ ಹೆಸರು ಮೊದಲು ಇದಕ್ಕೇ ಇತ್ತು. ಕೊಯಮತ್ತೂರಿನ ಬೇಸಿಗೆಯನ್ನು ಇದು ತಾಳದು. ಚಳಿಗಾಲವೇ ಇದರ ಕಾಲ. ಬೀಜವನ್ನು ಅರ್ಧ ಇಂಚು ಮಣ್ಣಿನಲ್ಲಿ ಮುಚ್ಚಿ, ನೀರು ನಿಲ್ಲದಂತೆ ನೋಡಿಕೊಂಡೆ. ಕ್ರಿಸ್ಮಸ್ ಹೊತ್ತಿಗೆ ಕುಂಡದ ತುಂಬ ಕಿತ್ತಳೆ ಬಣ್ಣದ ಹೂ.

ಜನವರಿಯಲ್ಲಿ ಮೊಗ್ಗು ಕಡಿಮೆಯಾಯಿತು. ತಪ್ಪು ನನ್ನದೇ. ಬಾಡಿದ ಹೂಗಳನ್ನು ತೆಗೆದಿರಲಿಲ್ಲ. ಅವು ಬೀಜ ಕಟ್ಟತೊಡಗಿದರೆ ಗಿಡದ ಆಹಾರ ಅತ್ತಲೇ ಹೋಗುತ್ತದೆ. ಬಿಎಸ್ಸಿಯಲ್ಲಿ ಓದಿಯೂ ಮರೆತಿದ್ದೆ.

ಒಂದೊಂದಾಗಿ ಚಿವುಟುವಾಗ ನಮ್ಮ ಗಾನವೃಂದದ ಒಬ್ಬ ತಮ್ಮ ನೆನಪಾದ. ಹಾಡಿನ ಅಭ್ಯಾಸಕ್ಕೆ ಬರಲಿಲ್ಲವೆಂದು ಎಲ್ಲರೆದುರು ಅವನನ್ನು ಗದರಿಸಿದ್ದೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಅವನಿಗೆ ಭಾನುವಾರವೂ ಶಿಫ್ಟ್ ಇತ್ತೆಂದು ಆಮೇಲೆ ತಿಳಿಯಿತು. ಆದರೂ ಕ್ಷಮೆ ಕೇಳಲಿಲ್ಲ. ಇಲ್ಲಿ ಕನ್ನಡದಲ್ಲಿ ಹಾಡುವವರೇ ಬೆರಳೆಣಿಕೆಯಷ್ಟು. ನನ್ನ ಹಮ್ಮಿನಿಂದ ಅವರಲ್ಲೂ ಒಬ್ಬ ಕಡಿಮೆಯಾದ.

ಸಂತ ಯೊವಾನ್ನರ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಪಿತ ದೇವರೇ ತೋಟಗಾರರು. ಫಲ ಕೊಡುವ ಕವಲನ್ನೂ ಅವರು ಸವರುತ್ತಾರೆ. ಸೇವೆ ಮಾಡುತ್ತೇನೆಂಬ ಕಾರಣಕ್ಕೆ ನನಗೆ ವಿನಾಯಿತಿ ಇಲ್ಲ.

ಆ ಸಂಜೆಯೇ ಫೋನ್ ಮಾಡಿ ಕ್ಷಮೆ ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, “ಬರೋ ಭಾನುವಾರ ರಜೆ ಇದೆ ಅಣ್ಣ” ಎಂದ.

ನೀವೂ ಮನಸ್ಸಿನಲ್ಲಿ ಉಳಿಸಿಕೊಂಡ ಬಾಡಿದ ಹೂ ಯಾವುದು? ಈ ವಾರ ಬಲಿಪೂಜೆಗೆ ಬರುವ ಮುನ್ನ ಅದನ್ನು ಚಿವುಟಿಬಿಡಿ. ಹೊಸ ಮೊಗ್ಗನ್ನು ಪ್ರಭುವೇ ಕೊಡುತ್ತಾರೆ. ಆಮೆನ್.