ಹುಲ್ಲುಹಾಸು ಮತ್ತು ಅನರ್ಥದಂಡ

ಏಕೇಂದ್ರಿಯ ಜೀವಗಳನ್ನು ಪೃಥ್ವಿಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ ಹಾಗೂ ವನಸ್ಪತಿಕಾಯಗಳೆಂದು ಐದು ವಿಧವಾಗಿ ವಿಂಗಡಿಸಲಾಗಿದೆ. ಬಸದಿಯ ಅಂಗಳದಲ್ಲಿ ಹುಲ್ಲುಹಾಸು ಬೆಳೆಸಲು ಹೊರಟಾಗ ಇವುಗಳಲ್ಲಿ ಮೂರಕ್ಕೆ ಬಾಧೆಯುಂಟಾಗುತ್ತದೆ. ಮಣ್ಣನ್ನು ಅಗೆಯಬೇಕು, ನೀರನ್ನು ಎರೆಯಬೇಕು, ಹುಲ್ಲನ್ನು ಕತ್ತರಿಸಬೇಕು. ಹಾಗಾದರೆ ಶ್ರಾವಕನು ಹಸಿರನ್ನು ಬೆಳೆಸಲೇಬಾರದೆ?

ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದು. ಅದನ್ನು ಮಿತಿಯಲ್ಲಿರಿಸುವುದು ಅವನ ಧರ್ಮ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಸಸ್ಯ ಕಡಿಯುವುದನ್ನೂ ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಆದುದರಿಂದ ಮೊದಲು ಕೇಳಬೇಕಾದುದು ಪ್ರಯೋಜನವನ್ನು. ಧೂಳನ್ನು ತಡೆಯುವುದು, ಮಣ್ಣು ಕೊಚ್ಚಿಹೋಗದಂತೆ ಹಿಡಿಯುವುದು, ಯಾತ್ರಿಕರಿಗೆ ಕುಳಿತುಕೊಳ್ಳಲು ತಂಪಾದ ನೆಲ ಒದಗಿಸುವುದು ಪ್ರಯೋಜನಗಳೇ ಸರಿ. ಕೇವಲ ನೋಟದ ಬೆಡಗಿಗಾಗಿ ಮಾಡಿದ ಹಾಸಿಗೆ ಈ ಸಮರ್ಥನೆ ದೊರೆಯದು.

ಅಫಜಲಪುರ ತಾಲ್ಲೂಕಿನ ಚೌಡಾಪುರದಂತಹ ಊರುಗಳಲ್ಲಿ ಈ ವಿವೇಚನೆ ಇನ್ನಷ್ಟು ಅಗತ್ಯ. ಭೀಮಾ ತೀರದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕು ಬಿಟ್ಟಾಗ ಬೇರುಗಳು ಹರಿಯುತ್ತವೆ. ಬಿಸಿಲು 40 ಡಿಗ್ರಿ ಮೀರುವ ಸೀಮೆಯಿದು. 200 ಚದರ ಮೀಟರ್ ಹಾಸಿಗೆ ದಿನಕ್ಕೆ 5 ಮಿ.ಮೀ. ನೀರುಣಿಸಿದರೂ 1,000 ಲೀಟರ್ ಬೇಕು. ಕುಡಿಯುವ ನೀರಿಗೇ ಜನ ಕಾಯುವ ದಿನಗಳಲ್ಲಿ ಈ ವ್ಯಯವನ್ನು ಪುಣ್ಯಕಾರ್ಯವೆನ್ನಲಾಗದು.

ಸ್ಥಳೀಯ ಗರಿಕೆಯು ಇಲ್ಲಿ ಯೋಗ್ಯವಾದ ಹುಲ್ಲು. ನೀರಿಲ್ಲದಾಗ ಮೇಲೆ ಒಣಗಿದರೂ ಅದರ ನೆಲದೊಳಗಿನ ಕಾಂಡವು ಜೀವ ಹಿಡಿದಿದ್ದು ಮಳೆಗೆ ಚಿಗುರುತ್ತದೆ. ಬೇಸಿಗೆಯಲ್ಲಿ ಹಳದಿಯಾದ ಗರಿಕೆಯನ್ನು ಸತ್ತಿತೆಂದು ಕಿತ್ತು ಹೊಸದನ್ನು ಹಾಕಿಸುವುದು ಎರಡು ಬಾರಿ ಹಿಂಸೆ ಮಾಡಿದಂತೆ. ಕತ್ತರಿಸುವಾಗ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನಿತ್ಯ ಚಿಮುಕಿಸುವ ಬದಲು ಕೆಲವು ದಿನಗಳಿಗೊಮ್ಮೆ ಮುಂಜಾನೆ ಆಳಕ್ಕಿಳಿಯುವಂತೆ ನೀರುಣಿಸಿದರೆ ಬೇರು ಕೆಳಗಿಳಿದು, ನೀರಿನ ಅಗತ್ಯವೂ ತಗ್ಗುತ್ತದೆ.

ಬೋಳಾದ ಜಾಗವನ್ನು ಸರಿಪಡಿಸುವಾಗಲೂ ಕಾಲವಿವೇಕ ಬೇಕು. ಮಳೆಗಾಲದಲ್ಲಿ ನೆಲದ ಜೀವರಾಶಿ ಹೆಚ್ಚುವುದರಿಂದಲೇ ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನೆಲೆಸುತ್ತಾರೆ. ಆದ್ದರಿಂದ ಮುಂಗಾರಿಗೆ ಮೊದಲೇ ಮಣ್ಣನ್ನು ಸಡಿಲಿಸಿ, ಕಳಿತ ಗೊಬ್ಬರ ಬೆರೆಸಿಡಬೇಕು. ಮೊದಲ ಮಳೆ ಬಿದ್ದಾಗ ಗೆಣ್ಣುಳ್ಳ ಗರಿಕೆಯ ತುಂಡುಗಳನ್ನು ಊರಿದರೆ ಸಾಕು. ಗೆದ್ದಲಿಗೋ ಇರುವೆಗೋ ವಿಷ ಹಾಕುವುದು ತ್ರಸಜೀವಗಳ ಸಂಕಲ್ಪೀ ಹಿಂಸೆ. ಅದು ಅಣುವ್ರತಿಗೆ ಸಲ್ಲದು. ವಿಷವಿಲ್ಲದೆ ಉಳಿಯದ ಹಾಸನ್ನು ಬಿಟ್ಟುಬಿಡುವುದೇ ಲೇಸು.

ಜನ ನಡೆದು ನಡೆದು ಸವೆದ ಜಾಗದಲ್ಲಿ ಮತ್ತೆ ಮತ್ತೆ ಹುಲ್ಲು ನೆಡಿಸುವುದು ನಿಷ್ಫಲ. ಅಲ್ಲಿ ಶಹಾಬಾದದ ಕಲ್ಲು ಹಾಸಿದರೆ ಭಕ್ತರಿಗೆ ದಾರಿಯಾಗುತ್ತದೆ. ಈರ್ಯಾಸಮಿತಿಯನ್ನು ಪಾಲಿಸುತ್ತ ಹಸಿರನ್ನು ತುಳಿಯದೆ ನಡೆಯುವ ಮುನಿಗಳಿಗೂ ಅನುಕೂಲ. ಬಸದಿಯ ಬಾಗಿಲವರೆಗೆ ಹಬ್ಬಿದ ಹುಲ್ಲು ಮುನಿಗಳ ಹೆಜ್ಜೆಯನ್ನೇ ತಡೆಯುವುದಾದರೆ, ಆ ಸೌಂದರ್ಯವು ಯಾರ ಸೇವೆಗಾಗಿ ಎಂಬುದನ್ನು ಟ್ರಸ್ಟಿನವರು ವಿಚಾರಿಸಬೇಕು.